ಕಾಡಿನ ಪುಟ್ಟ ಹಕ್ಕಿಗಳನ್ನು ನೋಡುವುದು ಹೇಗೆ? ‘ಹಕ್ಕಿ ಸಂತೆ’ ಹಿಡಿಯುವ ಸಮಗ್ರ ಮಾರ್ಗದರ್ಶಿ

ಮಲೆನಾಡಿನ ಕಾಡಿಗೆ ಮೊದಲ ಸಲ ಹಕ್ಕಿ ನೋಡಲು ಬಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. “ಇಷ್ಟು ದೊಡ್ಡ ಕಾಡು, ಒಂದು ಹಕ್ಕಿಯೂ ಇಲ್ವಲ್ಲ!” ಅರ್ಧ ಗಂಟೆ ನಡೆದರೂ ಒಂದು ಎಲೆ ಅಲ್ಲಾಡುವುದಿಲ್ಲ. ದೂರದಲ್ಲೆಲ್ಲೋ ಕುಟ್ರುಹಕ್ಕಿ ಕೂಗುತ್ತಿರುತ್ತದೆ, ಅಷ್ಟೇ. ಆಮೇಲೆ ಯಾವುದೋ ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ತಲೆಯ ಮೇಲೆ, ಪಕ್ಕದ ಪೊದೆಯಲ್ಲಿ, ಮರದ ಕಾಂಡದ ಮೇಲೆ, ಎಲ್ಲೆಲ್ಲೂ ಹಕ್ಕಿ. ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು ಗೊತ್ತಾಗುವುದಿಲ್ಲ. ಐದು ನಿಮಿಷ ಕಳೆಯುವಷ್ಟರಲ್ಲಿ ಎಲ್ಲವೂ ಮಾಯ. ಮತ್ತೆ ಅದೇ ಮೌನ.

ನಮ್ಮ ಕಾಡಿನಲ್ಲಿ ಹುಳುಹುಪ್ಪಟೆ ತಿಂದು ಬದುಕುವ ಸಣ್ಣ ಹಕ್ಕಿಗಳು ಹೀಗೆಯೇ ಸಿಗುತ್ತವೆ. ಅವು ಕಾಡಿನ ತುಂಬಾ ಸಮವಾಗಿ ಹರಡಿಕೊಂಡಿರುವುದಿಲ್ಲ. ಹತ್ತಾರು ಜಾತಿಯವು ಒಟ್ಟಾಗಿ ಒಂದೇ ಗುಂಪು ಕಟ್ಟಿಕೊಂಡು ಮರದಿಂದ ಮರಕ್ಕೆ ಬೇಟೆಯಾಡುತ್ತಾ ಸಾಗುತ್ತವೆ. ಹಕ್ಕಿ ಬಲ್ಲವರು ಇದಕ್ಕೆ ‘ಮಿಕ್ಸೆಡ್ ಹಂಟಿಂಗ್ ಫ್ಲಾಕ್’ ಎನ್ನುತ್ತಾರೆ. ನಾನು ಹಕ್ಕಿ ಸಂತೆ ಎನ್ನುತ್ತೇನೆ. ಹಕ್ಕಿಗಳನ್ನು ಒಂದೊಂದಾಗಿ ಹುಡುಕುವುದನ್ನು ಬಿಟ್ಟು ಈ ಸಂತೆಯನ್ನು ಹುಡುಕಲು ಕಲಿತ ದಿನದಿಂದ ಕಾಡು ನನಗೆ ಬೇರೆಯಾಗಿಯೇ ಕಾಣತೊಡಗಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಸಂತೆ ಯಾಕೆ ಸೇರುತ್ತದೆ ಅಂತ ತಿಳಿದುಕೊಳ್ಳಿ

ಎಲೆಯ ಅಡಿಗೆ ತಲೆ ತೂರಿಸಿ ಹುಳು ಹುಡುಕುವ ಹಕ್ಕಿಗೆ ಹಿಂದಿನಿಂದ ಬರುವ ಗಿಡುಗ ಕಾಣುವುದಿಲ್ಲ. ನಲವತ್ತು ಹಕ್ಕಿ ಒಟ್ಟಿಗಿದ್ದರೆ ಎಂಬತ್ತು ಕಣ್ಣು. ಯಾವುದೋ ಒಂದು ನೋಡಿ ಕೂಗಿದರೆ ಸಾಕು, ಎಲ್ಲವೂ ಉಳಿಯುತ್ತವೆ. ಇನ್ನೊಂದು ಲಾಭ ಊಟದ್ದು. ಒಂದು ಹಕ್ಕಿ ಎಲೆ ಕೆದಕಿದಾಗ ಎದ್ದ ಪತಂಗ ಇನ್ನೊಂದಕ್ಕೆ ಸಿಗುತ್ತದೆ.

ಈ ಎರಡೂ ಲೆಕ್ಕದಲ್ಲಿ ಎದ್ದು ಕಾಣುವವನು ಭೀಮರಾಜ. ಹೊಳೆಯುವ ಕಪ್ಪು ಮೈ, ನೆತ್ತಿಯ ಮೇಲೆ ಜುಟ್ಟು, ಬಾಲದಿಂದ ಇಳಿಬಿದ್ದ ಎರಡು ತಂತಿ, ಅದರ ತುದಿಯಲ್ಲಿ ತಿರುಚಿದ ಗರಿ. ಊರ ಬಯಲಿನ ಕಾಜಾಣದ ಕಾಡಿನ ಅಣ್ಣ ಅನ್ನಿ. ಉಳಿದವರು ಎಬ್ಬಿಸಿದ ಹುಳುವನ್ನು ಹಾರಿ ಹಿಡಿಯುತ್ತಾನೆ, ಬದಲಿಗೆ ಕಾವಲು ಕಾಯುತ್ತಾನೆ. ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವುದರಲ್ಲಿ ಇವನನ್ನು ಮೀರಿಸುವವರಿಲ್ಲ. ಶ್ರೀಲಂಕಾದ ಸಿಂಹರಾಜ ಮಳೆಕಾಡಿನಲ್ಲಿ ಸರತ್ ಕೋಟಗಮ ಮತ್ತು ಈಬೆನ್ ಗುಡೇಲ್ ಎಂಬ ಪಕ್ಷಿವಿಜ್ಞಾನಿಗಳು ಇಂಥ ಗುಂಪುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅಲ್ಲಿ ಒಂದು ಗುಂಪಿನಲ್ಲಿ ಸರಾಸರಿ 11-12 ಜಾತಿಯ 40ರಷ್ಟು ಹಕ್ಕಿಗಳಿದ್ದವು. ಭೀಮರಾಜ ಬೇರೆ ಹಕ್ಕಿಗಳ ದನಿಯಲ್ಲೇ ಕೂಗಿ ಅವನ್ನು ತನ್ನ ಹತ್ತಿರಕ್ಕೆ ಸೆಳೆಯುತ್ತಾನೆ ಎಂಬುದೂ ಅವರ ಕೆಲಸದಿಂದ ತಿಳಿಯಿತು. ಸಂತೆಗೆ ಡಂಗುರ ಸಾರುವವನೂ ಅವನೇ!

ಇಷ್ಟು ಗೊತ್ತಿದ್ದರೆ ಕಾಡಿನಲ್ಲಿ ನಿಮ್ಮ ಕೆಲಸ ಅರ್ಧ ಆದ ಹಾಗೆ. ನೂರು ಗ್ರಾಂ ಕೂಡ ತೂಗದ ಹತ್ತಾರು ಹಕ್ಕಿಗಳನ್ನು ಹುಡುಕಬೇಕಿಲ್ಲ. ಗಲಾಟೆ ಮಾಡುವ ಒಂದೆರಡನ್ನು ಹುಡುಕಿದರೆ ಸಾಕು.

ಹಂತ 2: ಕಾಲ, ಹೊತ್ತು, ಜಾಗ

ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಹಿಮಾಲಯದಿಂದ, ಅದರಾಚೆಯಿಂದ ಬಂದ ವಲಸೆ ಹಕ್ಕಿಗಳು ಆಗ ನಮ್ಮ ಕಾಡಿನಲ್ಲಿರುತ್ತವೆ. ಇಲ್ಲಿಯವಕ್ಕೂ ಗೂಡಿನ ತಾಪತ್ರಯ ಕಡಿಮೆ. ಬೇಸಿಗೆ ಏರಿದಂತೆ ಜೋಡಿಗಳು ತಂತಮ್ಮ ಜಾಗ ಹಿಡಿದು ಗೂಡು ಕಟ್ಟಲು ಹೊರಡುತ್ತವೆ. ಸಂತೆ ತೆಳ್ಳಗಾಗುತ್ತದೆ.

ಬೆಳಗಿನ ಜಾವಕ್ಕೇ ಓಡಬೇಕಾಗಿಲ್ಲ. ದಟ್ಟ ಕಾಡಿನೊಳಗೆ ಆರೂವರೆಗೆ ಏನೂ ಕಾಣುವುದಿಲ್ಲ. ಮಂಜು ಹರಿದು, ಮರದ ತುದಿಗೆ ಬಿಸಿಲು ತಾಗಿ, ಹುಳುಗಳು ಅಲ್ಲಾಡಲು ಶುರು ಮಾಡಿದ ಮೇಲೆ, ಅಂದರೆ ಏಳೂವರೆಯಿಂದ ಹತ್ತರವರೆಗೆ ಸಂತೆ ಜೋರು. ಮಧ್ಯಾಹ್ನ ಮೂರೂವರೆ ನಂತರ ಇನ್ನೊಂದು ಸುತ್ತು. ಮೋಡ ಕವಿದ ದಿನ ಇನ್ನೂ ಒಳ್ಳೆಯದು, ಹೊತ್ತು ಏರಿದರೂ ಹಕ್ಕಿಗಳು ಕೆಲಸ ನಿಲ್ಲಿಸುವುದಿಲ್ಲ.

ಜಾಗಕ್ಕೆ ರಾಷ್ಟ್ರೀಯ ಉದ್ಯಾನವೇ ಬೇಕು ಅಂತಿಲ್ಲ. ಶಿರಸಿ, ಸಾಗರದ ಕಾನು ಎಂಬ ದಟ್ಟ ಹಸಿರು ಕಾಡು, ತೋಟದ ಮೇಲಿನ ಸೊಪ್ಪಿನ ಬೆಟ್ಟ, ಕೊಡಗಿನ ದೇವರಕಾಡು, ಹಳೇ ಕಾಡುಮರಗಳನ್ನೇ ನೆರಳಿಗೆ ಬಿಟ್ಟ ಕಾಫಿ ತೋಟ, ಎಲ್ಲಾ ಕಡೆ ಸಂತೆ ಸೇರುತ್ತದೆ. ಬರೀ ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಮಾತ್ರ ನಿರಾಸೆ ಗ್ಯಾರಂಟಿ. ಅತ್ತಿ, ಹಲಸು, ನೇರಳೆ, ಬಳ್ಳಿ, ಪಾಚಿ ಇದ್ದಲ್ಲಿ ಹುಳು, ಹುಳು ಇದ್ದಲ್ಲಿ ಹಕ್ಕಿ. ಖಾಸಗಿ ತೋಟವಾದರೆ ಮನೆಯವರನ್ನು ಕೇಳಿ ಹೋಗಿ, ರಕ್ಷಿತ ಅರಣ್ಯವಾದರೆ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಕಾಡಿನ ಒಳಗೆ ನುಗ್ಗುವುದಕ್ಕಿಂತ ಕಾಡು ಸೀಳಿ ಹೋಗುವ ಮಣ್ಣಿನ ರಸ್ತೆಯೇ ವಾಸಿ. ಎರಡೂ ಬದಿಯ ಮರ ಬುಡದಿಂದ ತುದಿಯವರೆಗೆ ಕಾಣುತ್ತದೆ, ಬೆಳಕೂ ಇರುತ್ತದೆ.

ಹಂತ 3: ಕೈಯಲ್ಲಿ ಏನಿರಬೇಕು

ಬೈನಾಕ್ಯುಲರ್ ಒಂದು ಬೇಕೇ ಬೇಕು. 10x50 ತರಬೇಡಿ, 8x42 ತನ್ನಿ. ಕಾಡಿನ ಹಕ್ಕಿ ದೂರದಲ್ಲಿರುವುದಿಲ್ಲ, ಹತ್ತಿರದಲ್ಲೇ ಎಲೆಯ ಮರೆಯಲ್ಲಿರುತ್ತದೆ. ನಿಮಗೆ ಬೇಕಾದ್ದು ಜಾಸ್ತಿ ಅಗಲದ ನೋಟ ಮತ್ತು ಜಾಸ್ತಿ ಬೆಳಕು. ಎಷ್ಟು ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುತ್ತದೆ ಅಂತ ಅಂಗಡಿಯಲ್ಲೇ ನೋಡಿ. ಎರಡು ಮೂರು ಮೀಟರ್ ಇದ್ದರೆ ಒಳ್ಳೆಯದು.

ಎಷ್ಟೋ ಜನ ಬಿಟ್ಟುಬಿಡುವ ಕೆಲಸ ಒಂದಿದೆ. ಬಲಗಡೆಯ ಲೆನ್ಸ್ ಮುಚ್ಚಿ, ಎಡಗಣ್ಣಿನಲ್ಲಿ ಒಂದು ಎಲೆ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಬಲಗಣ್ಣಿನ ಬಳಿ ಇರುವ ಸಣ್ಣ ಬಳೆಯನ್ನು ತಿರುಗಿಸಿ ಅದೇ ಎಲೆಯನ್ನು ಸ್ಪಷ್ಟ ಮಾಡಿ. ಇದು ಒಮ್ಮೆ ಮಾಡಿದರೆ ಸಾಕು. ಇಲ್ಲದಿದ್ದರೆ ಎಂಥ ದುಬಾರಿ ಬೈನಾಕ್ಯುಲರ್ ಆದರೂ ತಲೆನೋವೇ.

ಇನ್ನೊಂದು ಅಭ್ಯಾಸ. ಹಕ್ಕಿ ಕಂಡ ಕೂಡಲೇ ತಲೆ ಬಗ್ಗಿಸಿ ಬೈನಾಕ್ಯುಲರ್ ಹುಡುಕಬೇಡಿ. ಕಣ್ಣು ಹಕ್ಕಿಯ ಮೇಲೇ ಇರಲಿ, ಕೈ ತಾನಾಗಿ ಮೇಲೆ ಬರಲಿ. ಮನೆಯ ಅಂಗಳದಲ್ಲಿ ಮಡಿವಾಳ ಹಕ್ಕಿಯ ಮೇಲೆ ಒಂದು ವಾರ ಇದನ್ನೇ ಮಾಡಿ ನೋಡಿ.

ಮಾಸಲು ಬಣ್ಣದ ಬಟ್ಟೆ, ಜೇಬಿನಲ್ಲಿ ಸಣ್ಣ ಪುಸ್ತಕ, ಪೆನ್ಸಿಲ್. ಮಳೆ ಬಿಟ್ಟ ಹೊಸತರಲ್ಲಿ ಹೋದರೆ ಇಂಬಳ ಇದ್ದೇ ಇರುತ್ತದೆ. ಮೊಣಕಾಲವರೆಗಿನ ಲೀಚ್ ಸಾಕ್ಸ್ ಹಾಕಿ, ಜೊತೆಗೆ ಸ್ವಲ್ಪ ಉಪ್ಪು ಅಥವಾ ಹೊಗೆಸೊಪ್ಪು ಇರಲಿ.

ಹಂತ 4: ನಿಲ್ಲಿ, ಕೇಳಿ

ನೂರು ಹೆಜ್ಜೆ ನಡೆಯಿರಿ. ಐದು ನಿಮಿಷ ನಿಲ್ಲಿ. ಮತ್ತೆ ನೂರು ಹೆಜ್ಜೆ. ನಿಂತಾಗ ಮಾತು ಬೇಡ, ಫೋನೂ ಬೇಡ. ಮೂರು ತರಹದ ಸದ್ದಿಗೆ ಕಿವಿ ಕೊಡಿ.

ಮೊದಲನೆಯದು ಭೀಮರಾಜನ ಲೋಹದಂಥ ಗಟ್ಟಿ ಕೂಗು. ಒಮ್ಮೆ ಗಿಡುಗನ ಹಾಗೆ, ಒಮ್ಮೆ ಹರಟೆಮಲ್ಲನ (ಬ್ಯಾಬ್ಲರ್) ಹಾಗೆ, ಒಂದೇ ಮರದಿಂದ ನಾಲ್ಕೈದು ಹಕ್ಕಿಗಳ ದನಿ ಸಾಲಾಗಿ ಬಂದರೆ ಅದು ಅವನೇ. ಎರಡನೆಯದು ಹುಳುಹಿಡುಕ ಹರಟೆಮಲ್ಲಗಳ ಚಿಟಿಪಿಟಿ. ಇದೇ ಬಗೆಯ, ಕಂದುಕೆನ್ನೆಯ ಫುಲ್ವೆಟ್ಟಾ ಎಂಬ ಬೂದುತಲೆಯ ಸಾದಾ ಹಕ್ಕಿಯೊಂದು ನಮ್ಮ ಪಶ್ಚಿಮ ಘಟ್ಟದ ಸಂತೆಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಅದು ತನ್ನ ಗುಂಪಿನ ಜೊತೆ ಸದಾ ಮಾತಾಡುತ್ತಲೇ ಇರುತ್ತದೆ. ಮೂರನೆಯದು ಮರದ ತುದಿಯಿಂದ ಬರುವ ಚಿತ್ರಪಕ್ಷಿಗಳ (ಮಿನಿವೆಟ್) ಸಣ್ಣ ಸಿಳ್ಳೆ, ‘ಟ್ವೀ ಟ್ವೀ’. ಮೂರರಲ್ಲಿ ಎರಡು ಒಟ್ಟಿಗೆ ಕೇಳಿದರೆ ಸಂತೆ ಬರುತ್ತಿದೆ ಅಂತ ಅರ್ಥ.

ಈಗ ಹೆಚ್ಚಿನವರು ಮಾಡುವ ತಪ್ಪು ಎಂದರೆ ಸದ್ದು ಬಂದ ಕಡೆ ಓಡುವುದು. ಹಾಗೆ ಮಾಡಬೇಡಿ. ಒಂದು ನಿಮಿಷ ನಿಂತು ಅದು ಯಾವ ಕಡೆ ಸರಿಯುತ್ತಿದೆ ನೋಡಿ. ಎಡದಿಂದ ಬಲಕ್ಕೋ, ಇಳಿಜಾರಿನಿಂದ ಮೇಲಕ್ಕೋ? ಅದರ ದಾರಿಗೆ ಮುಂದಾಗಿ, ಬೆಳಕು ನಿಮ್ಮ ಬೆನ್ನಿಗಿರುವ ಹಾಗೆ ಒಂದು ಮರಕ್ಕೆ ಒರಗಿ ನಿಲ್ಲಿ. ಸಂತೆ ನಿಮ್ಮ ಮೇಲೆಯೇ ಹಾದು ಹೋಗುತ್ತದೆ. ನಿಂತ ಮನುಷ್ಯನನ್ನು ಅವು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ, ಬೆನ್ನಟ್ಟುವವನನ್ನು ಇಡುತ್ತವೆ.

ನಡುವೆ ಒಂದು ಚೂಪು ಕೂಗು ಬಂದು ಎಲ್ಲವೂ ಒಮ್ಮೆಗೇ ಕಲ್ಲಾಗಿಬಿಟ್ಟರೆ ಗಾಬರಿಯಾಗಬೇಡಿ. ಗಿಡುಗ ಸುಳಿದಿದೆ. ಎರಡು ಮೂರು ನಿಮಿಷ ನೀವೂ ಕಲ್ಲಾಗಿ. ಮತ್ತೆ ಶುರುವಾಗುತ್ತದೆ.

ಹಂತ 5: ಬಣ್ಣಕ್ಕಿಂತ ಮೊದಲು ಮಹಡಿ ಮತ್ತು ನಡೆ

ಮರೆಯಬಾರದ ಹಂತ ಇದು. ಕಾಡಿನ ನೆರಳಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಹಕ್ಕಿ ಯಾವ ಮಹಡಿಯಲ್ಲಿದೆ, ಹೇಗೆ ಬೇಟೆಯಾಡುತ್ತಿದೆ ಎಂಬುದು ಮೋಸ ಮಾಡುವುದು ಕಡಿಮೆ.

ಮೇಲಿನ ಮಹಡಿಯಲ್ಲಿ ಕಿತ್ತಳೆಗೆಂಪು ಗಂಡು, ಹಳದಿ ಹೆಣ್ಣು ಚಿತ್ರಪಕ್ಷಿಗಳು, ಎಲೆಗಳ ನಡುವೆ ಸರಸರ ಓಡಾಡುವ ವಾರ್ಬ್ಲರ್‌ಗಳು. ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುತ್ತಿರುವುದು ಕೆಂಪು ಕೊಕ್ಕಿನ ನೀಲಿ ನಟ್‌ಹ್ಯಾಚ್. ಮರಕುಟಿಗ ಹಾಗೆ ತಲೆಕೆಳಗಾಗಿ ಓಡಾಡುವುದಿಲ್ಲ, ಆದ್ದರಿಂದ ಅನುಮಾನವೇ ಬೇಡ. ನಡುಮಹಡಿಯಲ್ಲಿ ಹಳದಿ ಹುಬ್ಬಿನ ಪಿಕಳಾರ, ಫುಲ್ವೆಟ್ಟಾ, ನೊಣಹಿಡುಕಗಳು, ಭೀಮರಾಜ. ಪೊದೆಯಲ್ಲಿ ಕಪ್ಪು ಹಣೆಯ ಪುಟ್ಟ ಹರಟೆಮಲ್ಲ, ಅದರ ಜೊತೆಗೆ ಹಳದಿ ಕುಡುಗೋಲಿನಂಥ ಕೊಕ್ಕಿನ ಸಿಮಿಟಾರ್ ಹರಟೆಮಲ್ಲ.

ಬೇಟೆಯಲ್ಲೂ ಎರಡು ಮುಖ್ಯ ದಾರಿ. ವಾರ್ಬ್ಲರ್ ಒಂದು ಕಡೆ ನಿಲ್ಲುವುದಿಲ್ಲ. ಎಲೆ ಎಲೆ ತಡಕುತ್ತಾ ಹೋಗುತ್ತದೆ. ನೊಣಹಿಡುಕ ಒಂದು ಕೊಂಬೆಯ ಮೇಲೆ ನೆಟ್ಟಗೆ ಕೂತಿರುತ್ತದೆ, ಪುಟ್ಟನೆ ಹಾರಿ ಹುಳು ಹಿಡಿದು ಅದೇ ಕೊಂಬೆಗೋ ಪಕ್ಕದ ಕೊಂಬೆಗೋ ವಾಪಸ್ ಬರುತ್ತದೆ. ಅದರ ಬಾಯಿಯ ಬುಡದಲ್ಲಿ ಮೀಸೆಯಂಥ ಬಿರುಸು ಕೂದಲಿರುತ್ತದೆ. ಹತ್ತಿರದಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ.

ರಾಜಹಕ್ಕಿ ಬಂದರೆ ಮಾತ್ರ ಈ ನಿಯಮ ಎಲ್ಲ ಮರೆತುಹೋಗುತ್ತದೆ. ಕಪ್ಪು ತಲೆ, ಹಾಲುಬಿಳಿ ಮೈ, ಮೈಗಿಂತ ಉದ್ದದ ಎರಡು ಬಿಳಿ ರಿಬ್ಬನ್ ಬಾಲ. ಗಂಡುಗಳಲ್ಲೇ ಕಂದು ಬಣ್ಣದವೂ ಇರುತ್ತವೆ. ಹೆಣ್ಣಿಗೆ, ಮರಿಗಂಡಿಗೆ ಉದ್ದ ಬಾಲ ಇಲ್ಲ. ಎರಡು ಮೂರು ನಿಮಿಷ ಸುಮ್ನೆ ನೋಡಿ, ಬರೆದುಕೊಳ್ಳುವುದು ಆಮೇಲೆ.

ಹಂತ 6: ನೀಲಿ ಹಕ್ಕಿಗಳ ಗೊಂದಲ ಬಿಡಿಸುವುದು

ಹೊಸಬರು ಸೋಲುವುದು ಇಲ್ಲಿ. “ನೀಲಿ ಹಕ್ಕಿ ನೋಡಿದೆ” ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಕನಿಷ್ಠ ಐದಾರು ಇವೆ. ಬೆನ್ನು ನೋಡಬೇಡಿ, ಎಲ್ಲದರ ಬೆನ್ನೂ ನೀಲಿ. ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯುತ್ತಾ ನೋಡಿ.

ಗಂಟಲು ಮತ್ತು ಎದೆ ಎರಡೂ ಕಿತ್ತಳೆ, ಹೊಟ್ಟೆ ಬಿಳಿ: ಟಿಕೆಲ್ ನೀಲಿ ನೊಣಹಿಡುಕ. ಇದು ಒಣ ಕಾಡಿನಲ್ಲೂ ಇರುತ್ತದೆ. ಬೆಂಗಳೂರಿನವರು ಇದಕ್ಕಾಗಿ ಮಲೆನಾಡಿಗೆ ಬರಬೇಕಿಲ್ಲ, ನಂದಿಬೆಟ್ಟದ ಮರಗಳ ನೆರಳಿನಲ್ಲೇ ಹುಡುಕಬಹುದು. ಗಂಟಲು ನೀಲಿ, ಎದೆ ಮಾತ್ರ ಕಿತ್ತಳೆ: ನೀಲಿಗಂಟಲಿನ ನೊಣಹಿಡುಕ. ಚಳಿಗಾಲದ ಅತಿಥಿ. ಗಂಟಲು, ಎದೆ ಎರಡೂ ನೀಲಿ, ಹೊಟ್ಟೆ ಬಿಳಿ: ಬಿಳಿಹೊಟ್ಟೆಯ ನೀಲಿ ನೊಣಹಿಡುಕ. ಇದು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ಮನೆ ಹಿಂದಿನ ಕಾಡಿನ ಹಕ್ಕಿ, ಜಗತ್ತಿನಲ್ಲಿ ಮತ್ತೆಲ್ಲೂ ಸಿಗುವುದಿಲ್ಲ ಅಂದರೆ ಸಣ್ಣ ಮಾತಾ?

ಇದನ್ನೇ ಹೋಲುವ ಇನ್ನೊಂದು ಬ್ಲ್ಯಾಕ್ ನೇಪ್ಡ್ ಮೊನಾರ್ಕ್. ಅದಕ್ಕೂ ಎದೆ ನೀಲಿ, ಹೊಟ್ಟೆ ಬಿಳಿ. ಇಲ್ಲಿ ನಡೆ ಸಹಾಯಕ್ಕೆ ಬರುತ್ತದೆ. ಮೊನಾರ್ಕ್ ಸಂತೆಯ ಜೊತೆ ನಡುಮಹಡಿಯಲ್ಲಿ ಚಡಪಡಿಸುತ್ತಾ ಹಾರುತ್ತದೆ, ಬಾಲ ಉದ್ದ. ಗಂಡಿಗೆ ಹಿಂದಲೆಯ ಮೇಲೆ ಕಾಡಿಗೆ ಇಟ್ಟ ಹಾಗೆ ಒಂದು ಕಪ್ಪು ಬೊಟ್ಟು, ಗಂಟಲ ಕೆಳಗೆ ತೆಳ್ಳನೆಯ ಕಪ್ಪು ಗೆರೆ. ಬಿಳಿಹೊಟ್ಟೆಯದು ಕತ್ತಲ ಮೂಲೆಯಲ್ಲಿ, ಆಳುದ್ದದ ಎತ್ತರದಲ್ಲಿ, ಅಲ್ಲಾಡದೆ ಕೂತಿರುತ್ತದೆ. ಎಷ್ಟೋ ಸಲ ಅದು ನಿಮ್ಮನ್ನು ನೋಡಿ ಹತ್ತು ನಿಮಿಷವಾದ ಮೇಲೆ ನೀವು ಅದನ್ನು ನೋಡುತ್ತೀರಿ. ಇಡೀ ಮೈ ಹಸಿರು ಬೆರೆತ ತಿಳಿನೀಲಿಯಾಗಿ, ಬೋಳು ಕೊಂಬೆಯ ತುದಿಯಲ್ಲಿ ಎದ್ದು ಕಾಣುವ ಹಾಗೆ ಕೂತಿದ್ದರೆ ಅದು ವರ್ಡಿಟರ್ ನೊಣಹಿಡುಕ, ಹಿಮಾಲಯದಿಂದ ಬಂದದ್ದು.

ಹೆಣ್ಣುಗಳ ವಿಷಯಕ್ಕೆ ಬಂದರೆ, ಬಿಳಿಹೊಟ್ಟೆಯ ಜಾತಿಯ ಹೆಣ್ಣಿಗೆ ನೀಲಿಯೇ ಇಲ್ಲ. ಬೆನ್ನು ಕಂದು, ಎದೆ ಕಿತ್ತಳೆ. ಎರಡು ವರ್ಷ ನಾನು ಅದನ್ನು ಟಿಕೆಲ್ ಅಂತಲೇ ಬರೆದುಕೊಂಡಿದ್ದೆ. ಕಿತ್ತಳೆ ಎದೆ ಕಂಡ ಕೂಡಲೇ ತೀರ್ಮಾನ ಮಾಡಿ, ಬೆನ್ನು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಟಿಕೆಲ್ ಹೆಣ್ಣಿನ ಬೆನ್ನಿನಲ್ಲಿ ಮಂಕಾದರೂ ನೀಲಿ ಇರುತ್ತದೆ. ಕಂದು ಬೆನ್ನು, ಕಣ್ಣಿನ ಮುಂದೆ ಬಿಳಿ ಕಲೆ ಕಂಡರೆ ಬಿಳಿಹೊಟ್ಟೆಯದರ ಹೆಣ್ಣು. ಹಾಗಾಗಿ ಹೆಣ್ಣುಗಳಿಗೆ ಮಾತ್ರ ಬೆನ್ನೂ ನೋಡಬೇಕು.

ಹಂತ 7: ಎಲೆಬಣ್ಣದ ಹಕ್ಕಿಗಳಿಗೆ ಕಿವಿಯೇ ಕಣ್ಣು

ತಲೆಯ ಮೇಲೆ ಮೂವತ್ತು ಅಡಿಯಲ್ಲಿ ಹಸಿರು ಎಲೆ ನಡುವೆ ಹಸಿರು ಹಕ್ಕಿ, ವಾರ್ಬ್ಲರ್. ನಮ್ಮ ಹತ್ತು ರೂಪಾಯಿ ನಾಣ್ಯದಷ್ಟೇ ತೂಕ, ಏಳೆಂಟು ಗ್ರಾಂ. ಅಷ್ಟು ಪುಟ್ಟ ಮೈ ಹೊತ್ತುಕೊಂಡು ಹಿಮಾಲಯದ ಕಡೆಯಿಂದ ಇಲ್ಲಿಗೆ ಬಂದು, ಚಳಿಗಾಲ ಕಳೆದು, ವಾಪಸ್ ಹೋಗುತ್ತದೆ. ಇವುಗಳನ್ನು ನೋಡಿ ಗುರುತಿಸಲು ಕುತ್ತಿಗೆ ನೋಯಿಸಿಕೊಳ್ಳಬೇಡಿ. ಮೂರು ದನಿ ಕಲಿತರೆ ಹೆಚ್ಚಿನ ಕೆಲಸ ಆಗುತ್ತದೆ.

‘ಚಿಸ್ಲಿ’ ಅಂತ ಚುರುಕಾಗಿ, ಗುಬ್ಬಿಯ ಚಿಂವ್ ಅನ್ನೇ ಮುರಿದ ಹಾಗೆ ಕೂಗಿದರೆ ಗ್ರೀನಿಷ್ ವಾರ್ಬ್ಲರ್. ನಗರದ ಮರಗಳಲ್ಲೂ ಇದೇ. ‘ಡಿರ್-ತೀ’ ಅಂತ ಎರಡು ಸ್ವರದ ಸಿಳ್ಳೆ, ಎರಡನೆಯದು ಮೊದಲಿನದಕ್ಕಿಂತ ಏರಿ ಕೇಳಿದರೆ ಲಾರ್ಜ್ ಬಿಲ್ಡ್ ಲೀಫ್ ವಾರ್ಬ್ಲರ್. ಒದ್ದೆ ಕಾಡಿನ ಹಕ್ಕಿ, ಕಣ್ಣಿನ ಮೇಲೆ ದಪ್ಪ ಹುಬ್ಬು. ಮರದ ತುದಿಯಿಂದ ‘ಚಿಟ್-ವೀ’ ಬಂದು, ಹಕ್ಕಿ ತಲೆ ಬಗ್ಗಿಸಿದಾಗ ನೆತ್ತಿಯ ನಡುವೆ ಬೈತಲೆ ತೆಗೆದ ಹಾಗೆ ತಿಳಿ ಗೆರೆ ಕಂಡರೆ ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್.

ಮನೆಯಲ್ಲಿ ಝೆನೋ-ಕ್ಯಾಂಟೊ ತಾಣದಲ್ಲಿ ಈ ದನಿಗಳನ್ನು ಕೇಳಿ ಅಭ್ಯಾಸ ಮಾಡಿ. ಮರ್ಲಿನ್ ಆ್ಯಪ್ ಕಾಡಿನಲ್ಲಿ ದನಿ ಕೇಳಿ ಹೆಸರು ಹೇಳುತ್ತದೆ, ಒಳ್ಳೆಯದೇ. ಆದರೆ ಭೀಮರಾಜ ಅನುಕರಣೆ ಮಾಡುತ್ತಿರುವ ಜಾಗದಲ್ಲಿ ಅದನ್ನು ಪೂರ್ತಿ ನಂಬಬೇಡಿ. ಇಲ್ಲದ ಹಕ್ಕಿಯ ಹೆಸರು ಬರಬಹುದು. ಕಣ್ಣಿಗೆ ಕಂಡ ಮೇಲೇ ಬರೆದುಕೊಳ್ಳಿ.

ಹಂತ 8: ಸಂತೆ ಸಿಗದ ದಿನ ನೀರಿನ ಬಳಿ ಕೂರಿ

ಕೆಲವು ದಿನ ಏನು ಮಾಡಿದರೂ ಸಂತೆ ಸಿಗುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ಹಳ್ಳದ ನೀರು ಇಳಿದಾಗ ಬಂಡೆಗಳ ನಡುವೆ ಅಂಗೈ ಅಗಲದ ಗುಂಡಿಗಳು ಉಳಿಯುತ್ತವೆ. ಅಂಥದ್ದೊಂದರಿಂದ ಹತ್ತು ಹೆಜ್ಜೆ ದೂರ, ಮಧ್ಯಾಹ್ನ ಮೂರರ ಮೇಲೆ, ಮರಕ್ಕೆ ಒರಗಿ ಕೂರಿ. ಹುಳು ತಿನ್ನುವ ಹಕ್ಕಿಗಳಿಗೆ ಸಂಜೆಯ ಸ್ನಾನ ಬಹಳ ಇಷ್ಟ. ದಾಂಡೇಲಿ ಹತ್ತಿರದ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್ ಎಂಬ ತಂಗುದಾಣದಲ್ಲಿ ಹಕ್ಕಿಗಳಿಗೆಂದೇ ಸಣ್ಣ ನೀರಿನ ತೊಟ್ಟಿಗಳಿವೆ. ನಡೆಯಲಾಗದ ಹಿರಿಯರನ್ನು, ಮಕ್ಕಳನ್ನು ಕರೆದುಕೊಂಡು ಹೋಗಲು ಅಂಥ ಜಾಗ ಒಳ್ಳೆಯದು.

ನಾನು ಒಮ್ಮೆ ಹೀಗೆ ಕೂತಿದ್ದಾಗ ಬಿಳಿಹೊಟ್ಟೆಯ ನೊಣಹಿಡುಕ ಗಂಡೊಂದು ಬಂತು. ಮೊದಲು ಬೇರಿನ ಮೇಲೆ ಕೂತು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಪುಟ್ಟನೆ ನೀರಿಗೆ ಬಿದ್ದು ಎದ್ದು ಮತ್ತೆ ಬೇರಿಗೆ. ಮೈಯ ನೀಲಿ ನೆನೆದು ಕಪ್ಪಾಯಿತು. ರೆಕ್ಕೆ ಬಿಡಿಸಿ ಒದರಿದಾಗ ಹನಿಗಳು ಎಲೆಯ ಮೇಲೆ ಟಪಟಪ ಅಂದದ್ದು ನನಗೆ ಕೇಳಿಸಿತು. ಅಷ್ಟು ಹತ್ತಿರ. ಆರು ಸಲ ಮುಳುಗಿತು. ಆಮೇಲೆ ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಎಳೆದು ಸರಿ ಮಾಡಿಕೊಳ್ಳುತ್ತಾ ಕತ್ತಲಾಗುವವರೆಗೆ ಅಲ್ಲೇ ಇತ್ತು.

ಮಾಡಬಾರದ ಕೆಲಸಗಳು

ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಅದು ಬೇಟೆ ಬಿಟ್ಟು ಓಡಿ ಬರುತ್ತದೆ, ಇಲ್ಲದ ವೈರಿಯನ್ನು ಹುಡುಕಿ ದಣಿಯುತ್ತದೆ. ಏಳೆಂಟು ಗ್ರಾಂ ಜೀವಕ್ಕೆ ಒಂದೊಂದು ಹುಳುವೂ ಲೆಕ್ಕ. ಗೂಡು ಕಂಡರೆ ಹಿಂದೆ ಸರಿಯಿರಿ, ಫೋಟೊ ತೆಗೆಯಲು ಸುತ್ತಲಿನ ಎಲೆ ಸವರಬೇಡಿ. ಆ ಎಲೆಯೇ ಅದಕ್ಕೆ ಬಾಗಿಲು, ಛಾವಣಿ ಎಲ್ಲಾ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಪ್ರಕಾರ ಗೂಡು, ಮೊಟ್ಟೆಗೆ ಹಾನಿ ಮಾಡುವುದು ಅಪರಾಧ ಕೂಡ. ಗೂಡಿನ ಜಾಗವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದಂತೂ ಬೇಡವೇ ಬೇಡ.

ಹಂತ 9: ಬರೆದಿಡುವುದು

ಸಂತೆ ದಾಟಿದ ಕೂಡಲೇ, ಅಲ್ಲೇ ನಿಂತು ಬರೆಯಿರಿ. ತಾರೀಕು, ಹೊತ್ತು, ಜಾಗ, ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು, ಯಾವ ಹಕ್ಕಿ ಎಷ್ಟು, ಯಾವುದು ಮೊದಲು, ಯಾವುದು ಕೊನೆಗೆ. ಗುರುತು ಸಿಗದ್ದಕ್ಕೆ ಗಂಟಲು, ಎದೆ, ಹೊಟ್ಟೆ, ಮಹಡಿ, ನಡೆ, ಇಷ್ಟು ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ. ಊಹೆಯ ಹೆಸರಿಗಿಂತ ಆ ಪ್ರಶ್ನೆ ಚಿಹ್ನೆ ಮೇಲು. ಮನೆಗೆ ಬಂದು ಇಬರ್ಡ್ ಎಂಬ ಹಕ್ಕಿ ದಾಖಲೆಯ ತಾಣದಲ್ಲಿ ಹಾಕಿದರೆ ನಿಮ್ಮ ಊರಿನ ಕಾಡಿನ ಲೆಕ್ಕ ದೇಶದ ಲೆಕ್ಕಕ್ಕೆ ಸೇರುತ್ತದೆ.

ಮರುದಿನ ಅದೇ ಹೊತ್ತಿಗೆ ಅದೇ ತಿರುವಿಗೆ ಹೋಗಿ. ನಾನು ಹೋಗುವ ಕಾನಿನಲ್ಲಿ ಹಳ್ಳ ದಾಟುವಲ್ಲಿ ಒಂದು ದೊಡ್ಡ ಹೆಬ್ಬಲಸಿನ ಮರ ಇದೆ. ಡಿಸೆಂಬರ್‌ನಲ್ಲಿ ಎಂಟೂಮುಕ್ಕಾಲರಿಂದ ಒಂಬತ್ತೂಕಾಲರ ಒಳಗೆ ಅದರ ಕೆಳಗೆ ನಿಂತರೆ, ಮೂರು ದಿನದಲ್ಲಿ ಎರಡು ದಿನವಾದರೂ ಮೊದಲು ಭೀಮರಾಜನ ಕೂಗು ಕೇಳುತ್ತದೆ, ಹಿಂದೆಯೇ ಫುಲ್ವೆಟ್ಟಾಗಳ ಚಿಟಿಪಿಟಿ.